ಹೊರಗಿನಿಂದ ಬಂದವರ ಮಗ ಜರ್ಮನಿಯಲ್ಲಿ ಮಂತ್ರಿ ಆಗೋಕಾಗುತ್ತಾ?

ನಾನು ಸ್ಟಟ್‌ಗಾರ್ಟ್‌ನಲ್ಲಿದ್ದೇನೆ. ಊರಿನ ನೆಂಟರೂ ಕೇಳುತ್ತಾರೆ, ಹೊಸದಾಗಿ ಇಲ್ಲಿಗೆ ಕೆಲಸಕ್ಕೆ ಬಂದ ಕನ್ನಡದವರೂ ಕೇಳುತ್ತಾರೆ: "ಅಲ್ಲಿ ನಮ್ಮಂಥವರ ಮಕ್ಕಳು ಎಲ್ಲಿವರೆಗೆ ಹೋಗಬಹುದು? ಮಂತ್ರಿ ಆಗೋಕಾಗುತ್ತಾ?"

ಆಗುತ್ತೆ, ಆಗಿದ್ದಾರೆ. ಜೆಮ್ ಓಜ್ದೆಮಿರ್ 2021ರ ಡಿಸೆಂಬರ್‌ನಿಂದ 2025ರ ಮೇವರೆಗೆ ಜರ್ಮನಿಯ ಕೃಷಿ ಮಂತ್ರಿಯಾಗಿದ್ದರು. ಆದರೆ ಅವರು ನಡೆದ ದಾರಿ ಹೇಳದೆ ಬರೀ "ಹೌದು" ಅಂದರೆ ಅರ್ಧ ಉತ್ತರ ಆಗುತ್ತೆ.

ಹುಟ್ಟಿದ್ದು 1965ರಲ್ಲಿ, ಇಲ್ಲೇ ಹತ್ತಿರದ ಬಾಡ್ ಉರಾಖ್ ಎಂಬ ಪುಟ್ಟ ಊರಿನಲ್ಲಿ. ಅಪ್ಪ ಅಮ್ಮ ಟರ್ಕಿಯಿಂದ ದುಡಿಯಲು ಬಂದವರು. ಅಪ್ಪ ಟರ್ಕಿಯಲ್ಲೂ ಅಲ್ಪಸಂಖ್ಯಾತರೇ, ಸರ್ಕೇಸಿಯನ್ ಜನಾಂಗದವರು. ಅಮ್ಮ ಬಟ್ಟೆ ಹೊಲಿಯುವ ಅಂಗಡಿ ಇಟ್ಟಿದ್ದರು. ಇಲ್ಲಿ ನಾಲ್ಕನೇ ಕ್ಲಾಸ್ ಮುಗಿದ ಕೂಡಲೇ ಮಕ್ಕಳನ್ನು ಬೇರೆ ಬೇರೆ ಶಾಲೆಗೆ ಹಂಚುತ್ತಾರೆ. ಯೂನಿವರ್ಸಿಟಿಗೆ ನೇರ ದಾರಿ ಇರುವ ಶಾಲೆ ಜಿಮ್ನಾಸಿಯಂ. ಅಲ್ಲಿಗೆ ಯಾರು ಹೋಗ್ತೀರಿ ಅಂತ ಕೇಳಿದಾಗ ತಾನೂ ಕೈ ಎತ್ತಿದೆ, ಇಡೀ ಕ್ಲಾಸ್ ನಕ್ಕಿತು ಎಂದು ಓಜ್ದೆಮಿರ್ ಹೇಳಿಕೊಂಡಿದ್ದಾರೆ. ಅವರಿಗೆ ಜಿಮ್ನಾಸಿಯಂ ಸಿಗಲಿಲ್ಲ. ಶಿಶುಪಾಲನೆಯ ತರಬೇತಿ ಪಡೆದು, ಆಮೇಲೆ ರಾಯ್ಟ್ಲಿಂಗೆನ್‌ನಲ್ಲಿ ಸಮಾಜಸೇವೆಗೆ ಸಂಬಂಧಿಸಿದ ಓದು ಮುಗಿಸಿದರು. ನನ್ನ ಪ್ರಕಾರ ಇಲ್ಲಿ ಅತಿ ಬಿಗಿಯಾದ ಬಾಗಿಲು ಮಂತ್ರಿಗಿರಿಯದಲ್ಲ, ಆ ನಾಲ್ಕನೇ ಕ್ಲಾಸಿನದು. ಮಕ್ಕಳನ್ನು ಕಟ್ಟಿಕೊಂಡು ಬರುವವರಿಗೆ ಇದನ್ನೇ ಒತ್ತಿ ಹೇಳುತ್ತೇನೆ.

ಪರಿಸರವಾದಿ ಗ್ರೀನ್ ಪಕ್ಷ ಸೇರಿದ್ದು 1981ರಲ್ಲಿ. ಆಗ ಜರ್ಮನ್ ಪೌರತ್ವವೇ ಇರಲಿಲ್ಲ, ಅದು ಬಂದದ್ದು 1983ರಲ್ಲಿ. 1994ರಲ್ಲಿ ಸಂಸದರಾದರು. 2002ರಲ್ಲಿ ಒಬ್ಬ ಪಿ.ಆರ್. ಸಲಹೆಗಾರನಿಂದ ಸಾಲ ಪಡೆದದ್ದು, ಸರ್ಕಾರಿ ಪ್ರಯಾಣದ ಏರ್‌ಲೈನ್ ಪಾಯಿಂಟ್‌ಗಳನ್ನು ಸ್ವಂತಕ್ಕೆ ಬಳಸಿದ್ದು ಹೊರಬಿತ್ತು. ಹುದ್ದೆ ಬಿಟ್ಟರು. ಯುರೋಪ್ ಸಂಸತ್ತಿನ ಮೂಲಕ ಮತ್ತೆ ಮೇಲೆ ಬಂದು 2008ರಿಂದ 2018ರ ಆರಂಭದವರೆಗೆ ಪಕ್ಷದ ಜಂಟಿ ಅಧ್ಯಕ್ಷರಾಗಿದ್ದರು.

2016ರ ಕತೆ ನನಗೆ ಜಾಸ್ತಿ ಮುಖ್ಯ. ಮೊದಲ ಮಹಾಯುದ್ಧದ ಕಾಲದಲ್ಲಿ ಟರ್ಕಿಯ ಒಟ್ಟೋಮನ್ ಸಾಮ್ರಾಜ್ಯದಲ್ಲಿ ನಡೆದ ಆರ್ಮೇನಿಯನ್ನರ ಹತ್ಯಾಕಾಂಡವನ್ನು ನರಮೇಧ ಎಂದೇ ಕರೆಯುವ ಜರ್ಮನ್ ಸಂಸತ್ತಿನ ನಿರ್ಣಯಕ್ಕೆ ಅವರು ಮುಂದೆ ನಿಂತರು. ಟರ್ಕಿ ಮೂಲದ ಜರ್ಮನ್ ಸಂಸದರ ರಕ್ತ ಪರೀಕ್ಷೆ ಆಗಬೇಕು ಎಂದರು ಟರ್ಕಿಯ ಅಧ್ಯಕ್ಷ ಎರ್ದೋಗನ್. ಕೊಲೆ ಬೆದರಿಕೆ ಬಂತು, ಪೊಲೀಸ್ ಕಾವಲು ಬೇಕಾಯಿತು. ಇಲ್ಲಿ "ನೀನು ಜರ್ಮನ್ನಾ?" ಅನ್ನುತ್ತಾರೆ, ಅಲ್ಲಿ "ನೀನು ಟರ್ಕಿಯವನಾ?" ಅನ್ನುತ್ತಾರೆ. ಅವರು ತಮ್ಮನ್ನು ಅನಟೋಲಿಯಾದ ಸ್ವಾಬಿಯನ್ ಎಂದು ಕರೆದುಕೊಂಡರು. ಅನಟೋಲಿಯಾ ಅಂದರೆ ಟರ್ಕಿಯ ಏಷ್ಯಾ ಭಾಗ, ಸ್ವಾಬಿಯನ್ ಅಂದರೆ ನಮ್ಮ ಈ ಸೀಮೆಯವರು. ಇಲ್ಲಿನ ಆಡುಮಾತು ಅವರ ಬಾಯಲ್ಲಿ ಸಲೀಸಾಗಿ ಬರುತ್ತೆ. 2021ರಲ್ಲಿ ಸ್ಟಟ್‌ಗಾರ್ಟ್‌ನ ಒಂದು ಕ್ಷೇತ್ರದಲ್ಲಿ ಶೇ 40ರಷ್ಟು ಮತ ತೆಗೆದುಕೊಂಡು ಗೆದ್ದರು.

ಕೃಷಿ ಖಾತೆಯೇ ಯಾಕೆ? ಅವರು ರೈತರೇನಲ್ಲ, ಸಸ್ಯಾಹಾರಿ ಬೇರೆ! ಪಕ್ಷದೊಳಗಿನ ಲೆಕ್ಕಾಚಾರದಲ್ಲಿ ಆ ಖಾತೆ ಬಂತು, ಅಷ್ಟೇ. 2023ರ ಕೊನೆಯಲ್ಲಿ ಬಜೆಟ್ ತೂತು ಮುಚ್ಚಲು ಸರ್ಕಾರ ಟ್ರ್ಯಾಕ್ಟರ್‌ಗಳ ವಾಹನ ತೆರಿಗೆ ವಿನಾಯಿತಿಗೂ ಡೀಸೆಲ್ ರಿಯಾಯಿತಿಗೂ ಕೈ ಹಾಕಿತು. ಲೀಟರ್ ಡೀಸೆಲ್‌ಗೆ 21.48 ಸೆಂಟ್ ರೈತರಿಗೆ ವಾಪಸ್ ಸಿಗುತ್ತಿತ್ತು. ಡಿಸೆಂಬರ್ 18ರಂದು ಬರ್ಲಿನ್‌ನ ಬ್ರಾಂಡೆನ್‌ಬುರ್ಗ್ ಗೇಟ್ ಮುಂದೆ ಟ್ರ್ಯಾಕ್ಟರ್‌ಗಳು ಬಂದು ನಿಂತವು. ಓಜ್ದೆಮಿರ್ ವೇದಿಕೆ ಹತ್ತಿದರು. ಸೀಟಿ, ಕೂಗಾಟ. ಅದರ ನಡುವೆಯೇ ಈ ಕಡಿತ ತನಗೂ ಒಪ್ಪಿಗೆ ಇಲ್ಲ ಎಂದರು. ಸರ್ಕಾರ ಸ್ವಲ್ಪ ಹಿಂದೆ ಸರಿಯಿತು: ಟ್ರ್ಯಾಕ್ಟರ್‌ಗಳ ವಾಹನ ತೆರಿಗೆ ವಿನಾಯಿತಿ ಉಳಿಯಿತು, ಡೀಸೆಲ್ ರಿಯಾಯಿತಿಯನ್ನು ಹಂತ ಹಂತವಾಗಿ ಇಳಿಸುವುದೆಂದಾಯಿತು. ಬೈಯುವ ಜನರ ಮುಂದೆ ಹೋಗಿ ನಿಂತರಲ್ಲ, ಅದಕ್ಕೆ ನನಗೆ ಅವರ ಮೇಲೆ ಗೌರವ.

ಅವರು ಮಂತ್ರಿಯಾಗಿದ್ದಾಗಲೇ, 2025ರ ಜನವರಿಯಲ್ಲಿ, ಬರ್ಲಿನ್ ಪಕ್ಕದ ಹ್ಯೋನೋದಲ್ಲಿ ಎಮ್ಮೆಗಳಿಗೆ ಕಾಲುಬಾಯಿ ಜ್ವರ ಬಂತು. ಜರ್ಮನಿಯಲ್ಲಿ 1988ರ ನಂತರ ಅದೇ ಮೊದಲು. ನಮ್ಮೂರಲ್ಲಾದರೆ ಲಸಿಕೆ ಹಾಕಿಸಿ, ಹುಣ್ಣಿಗೆ ಔಷಧಿ ಹಚ್ಚಿ ಆರೈಕೆ ಮಾಡುತ್ತಾರೆ. ಇಲ್ಲಿ ಆ ಹಿಂಡಿನಲ್ಲಿ ಉಳಿದ ಎಮ್ಮೆಗಳನ್ನೆಲ್ಲ ಕೊಂದರು. ಆದರೂ ಕೆಲವು ದೇಶಗಳು ಜರ್ಮನಿಯ ಮಾಂಸ ಕೊಳ್ಳುವುದನ್ನೇ ನಿಲ್ಲಿಸಿದವು.

ಮಂತ್ರಿಯಾಗಿ ಅವರು ಮಾಡಿದ್ದೆಲ್ಲ ಗೆದ್ದಿಲ್ಲ. ಹಂದಿಯನ್ನು ಹೇಗೆ ಸಾಕಿದ್ದು ಎಂದು ಮಾಂಸದ ಪ್ಯಾಕೆಟ್ ಮೇಲೆ ಬರೆಯಬೇಕೆಂಬ ಕಾನೂನು 2023ರಲ್ಲಿ ಬಂತು. ಆದರೆ ಮಕ್ಕಳಿಗೆ ಸಿಹಿತಿಂಡಿಯ ಆಸೆ ಹುಟ್ಟಿಸುವ ಜಾಹೀರಾತಿಗೆ ಕಡಿವಾಣ ಹಾಕುವ ಮಸೂದೆ ಮಿತ್ರಪಕ್ಷದ ವಿರೋಧದಿಂದ ನಿಂತುಹೋಯಿತು. ಇಷ್ಟಾದರೂ ನಮ್ಮ ಬಾಡೆನ್-ವುರ್ಟೆಂಬೆರ್ಗ್ ರಾಜ್ಯದ 2026ರ ಚುನಾವಣೆಗೆ ಗ್ರೀನ್ ಪಕ್ಷ ಅವರನ್ನೇ ಮುಖ್ಯಮಂತ್ರಿ ಅಭ್ಯರ್ಥಿ ಮಾಡಿತು.