ಕೆಲಗೇರಿ ಆಪೂಸಿಗೆ ಕಲ್ಲೇ ಸಾಕ್ಷಿ

ಹೋದ ವರ್ಷ ಮೇ ತಿಂಗಳಲ್ಲಿ ಅಪ್ಪನ ಜೊತೆ ಹಣ್ಣಿನ ಗೋದಾಮಿಗೆ ಹೋಗಿದ್ದೆ. ಧಾರವಾಡದ ಕೆಲಗೇರಿ ಹತ್ತಿರದ ನಮ್ಮ ತೋಟದ ಆಪೂಸು, ನನ್ನ ಕಣ್ಣೆದುರೇ ‘ರತ್ನಗಿರಿ’ ಎಂದು ಅಚ್ಚಾದ ಪೆಟ್ಟಿಗೆಗೆ ಇಳಿಯಿತು. ಅಪ್ಪ ನೋಡಿದರು, ಏನೂ ಅನ್ನಲಿಲ್ಲ. ನನಗೆ ಹೊಟ್ಟೆ ಉರಿಯಿತು. ರತ್ನಗಿರಿಯ ರೈತನಿಗೂ ಇದು ಮೋಸವೇ ಅಲ್ವಾ? ಅವರ ಆಪೂಸಿಗೆ 2018ರಲ್ಲಿ ಜಿಐ ಟ್ಯಾಗ್, ಅಂದರೆ ಆ ಸೀಮೆಯ ಹಣ್ಣಿಗೆ ಮಾತ್ರ ಆ ಹೆಸರು ಎಂಬ ಗುರುತು, ಸಿಕ್ಕಿದೆ.

ನಾನು ಲ್ಯಾಬಿನಲ್ಲಿ ಮಣ್ಣು, ನೀರು ಪರೀಕ್ಷೆ ಮಾಡುವವಳು. ಹಣ್ಣು ಯಾವ ಊರಿನದೆಂದು ಅಳೆದು ಹೇಳಬಹುದೇ ಎಂದು ಆವತ್ತಿನಿಂದ ತಲೆಯಲ್ಲಿ ಒಂದೇ ಗುಂಗು: ಕಲ್ಲು, ಮಣ್ಣಿನಲ್ಲಿರುವ ಸ್ಟ್ರಾನ್ಷಿಯಂ ಎಂಬ ಲೋಹ. ಬೇರು ಕ್ಯಾಲ್ಸಿಯಂ ಹೀರುವಾಗ ಇದನ್ನೂ ಹೀರುತ್ತದೆ. ಇದರಲ್ಲಿ 86 ಮತ್ತು 87 ತೂಕದ ಬಗೆಗಳಿವೆ. ಕಲ್ಲಿನೊಳಗಿನ ಇನ್ನೊಂದು ಲೋಹ ರುಬಿಡಿಯಂ, ಅದರ 87 ತೂಕದ ಬಗೆ ನಿಧಾನಕ್ಕೆ ಸ್ಟ್ರಾನ್ಷಿಯಂ 87 ಆಗುತ್ತದೆ. ಅರ್ಧ ಬದಲಾಗಲು ಸುಮಾರು 4,900 ಕೋಟಿ ವರ್ಷ ಬೇಕು! ಹಾಗಾಗಿ ಕಲ್ಲು ಹಳೆಯದಾದಷ್ಟೂ, ಅದರಲ್ಲಿ ರುಬಿಡಿಯಂ ಜಾಸ್ತಿ ಇದ್ದಷ್ಟೂ ಸ್ಟ್ರಾನ್ಷಿಯಂ 86ಕ್ಕೆ ಹೋಲಿಸಿದರೆ 87ರ ಪಾಲು ಏರುತ್ತದೆ. ರತ್ನಗಿರಿಯ ಕೆಂಪು ಜಂಬಿಟ್ಟಿಗೆಯ ಅಡಿಯಲ್ಲಿರುವುದು ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ. ನಮ್ಮ ಧಾರವಾಡದ ಕಲ್ಲಿಗೆ 250 ಕೋಟಿ ವರ್ಷ ದಾಟಿದೆ. ಗಿಡ ಆ ಪಾಲನ್ನು ಹೆಚ್ಚುಕಮ್ಮಿ ಹಾಗೇ ಹಣ್ಣಿಗೆ ಮುಟ್ಟಿಸುತ್ತದೆ.

ಕೆಲಸ ತಾಳ್ಮೆಯದು. ಸಿಪ್ಪೆ ಮೇಲೆ ದಾರಿಯ ದೂಳಿರುತ್ತದೆ, ತೊಳೆದು ಸುಲಿಯಬೇಕು. ಸ್ಟೀಲ್ ಚಾಕು ಬೇಡ, ಸೆರಾಮಿಕ್ ಆಗಬೇಕು. ಒಣಗಿದ ತಿರುಳು ತಟ್ಟೆಗೆ ಅಂಟಿ, ಥೇಟ್ ಅಜ್ಜಿ ಬಿಸಿಲಿಗೆ ಹಾಕುತ್ತಿದ್ದ ಮಾವಿನ ಹಪ್ಪಳದ ಹಾಗೆ ಕಾಣುತ್ತದೆ. ಅದನ್ನು ನೈಟ್ರಿಕ್ ಆಸಿಡ್‌ನಲ್ಲಿ ಬಿಸಿ ಮಾಡಿದರೆ ಕಂದು ಹೊಗೆ ಏಳುತ್ತದೆ. ಕೊನೆಗೆ ಉಳಿಯುವುದು ನೀರಿನಂಥ ತಿಳಿ ದ್ರವ. ಬಣ್ಣವಿಲ್ಲ, ವಾಸನೆಯಲ್ಲೂ ಮಾವಿಲ್ಲ. ರುಬಿಡಿಯಂಗೂ ಸ್ಟ್ರಾನ್ಷಿಯಂಗೂ 87ರ ತೂಕ ಒಂದೇ ಆದ್ದರಿಂದ ತೂಕ ನೋಡಿ ಬಗೆಗಳನ್ನು ಅಳೆಯುವ ಯಂತ್ರಕ್ಕೆ ಗೊಂದಲವಾಗುತ್ತದೆ. ಅದಕ್ಕೇ ರಾಳದ ಕೊಳವೆಯಲ್ಲಿ ಹನಿಹನಿಯಾಗಿ ಇಳಿಸಿ ಎರಡನ್ನೂ ಬೇರೆ ಮಾಡಬೇಕು.

ಒಂದು ಹಣ್ಣು ಅಳೆದು ತೀರ್ಪು ಕೊಡುವುದು ತಪ್ಪು. ಸೂಪರ್ ಫಾಸ್ಫೇಟ್ ಗೊಬ್ಬರ ತನ್ನದೇ ಸ್ಟ್ರಾನ್ಷಿಯಂ ತರುತ್ತದೆ. ಕಡಲ ತೀರದ ತೋಟಗಳಿಗೆ ಉಪ್ಪುಗಾಳಿಯೂ ತರುತ್ತದೆ. ಊರೂರಿನ ಮಣ್ಣು, ಬಾವಿ ನೀರು, ಹಣ್ಣು ಎಲ್ಲವನ್ನೂ ಅಳೆದಿಟ್ಟರೆ ಮಾತ್ರ ಹೋಲಿಸಿ ಹೇಳಬಹುದು.

ನಾನು ನಮ್ಮ ತೋಟದಿಂದಲೇ ಶುರು ಮಾಡಿದ್ದೇನೆ. ಹೋದ ಭಾನುವಾರ ಹನ್ನೆರಡು ಗಿಡಗಳ ಬುಡದ ಮಣ್ಣು ತುಂಬಿಕೊಂಡೆ. ಸುಮ್ನೆ ನೋಡುತ್ತಾ ನಿಂತಿದ್ದ ಅಪ್ಪ ಆಮೇಲೆ ತಾವೇ ಗುದ್ದಲಿ ತಂದರು. “ಬಾವಿ ಬಾಜೂದ ಗಿಡದ್ದು ಮರೀಬ್ಯಾಡ, ಅದು ನಿಮ್ಮಜ್ಜ ಹಚ್ಚಿದ್ದು” ಅಂದರು.