ಸ-ಪ ಗೊತ್ತಿದ್ದರೆ ಸಾಕು

ತುಮಕೂರಲ್ಲಿ ಮಕ್ಕಳಿಗೆ ಚೆಲ್ಲೋ ಕಲಿಸುತ್ತೇನೆ ಅಂದರೆ, "ಅದು ದೊಡ್ಡ ಪಿಟೀಲಲ್ವಾ ಮೇಡಂ?" ಅಂತ ಕೇಳುವವರೇ ಜಾಸ್ತಿ. ಒಂದೇ ಮನೆತನದ ವಾದ್ಯಗಳು, ನಿಜ. ಆದರೆ ಚೆಲ್ಲೋ ಮಗುವಿನ ಎದೆಗೆ ಒರಗಿ ನಿಲ್ಲುತ್ತದೆ. ಎಲ್ಲಕ್ಕಿಂತ ತಗ್ಗಿನ ಸ್ವರದ ಸಿ ತಂತಿ ಸೆಕೆಂಡಿಗೆ ಸುಮಾರು 65 ಸಲ ಅದುರುತ್ತದೆ. ಆ ನಾದ ಕಿವಿಗಷ್ಟೇ ಅಲ್ಲ, ಮೈಗೂ ತಾಗುತ್ತದೆ. ಮೊದಲ ಸಲ ಕಮಾನು ಎಳೆದಾಗ ಮಕ್ಕಳ ಕಣ್ಣು ಅರಳುವುದನ್ನು ನೋಡಬೇಕು!

ಐದಾರು ವರ್ಷದವರಿಗೆ ಸಾಮಾನ್ಯವಾಗಿ 1/8 ಅಥವಾ 1/4 ಅಳತೆಯ ಚೆಲ್ಲೋ ಕೊಡುತ್ತೇವೆ. ಹೆಸರಿಗೆ ಕಾಲು ಅಂತಿದ್ದರೂ ಅದು ದೊಡ್ಡದರ ಕಾಲು ಭಾಗಕ್ಕಿಂತ ಎಷ್ಟೋ ದೊಡ್ಡದು.

ನನಗೆ ತುಂಬಾ ಇಷ್ಟವಾಗುವ ವಿಷಯ ಬೇರೆಯೇ ಇದೆ. ಸಿ, ಜಿ, ಡಿ, ಎ, ಈ ನಾಲ್ಕು ತಂತಿಗಳಲ್ಲಿ ಯಾವ ಅಕ್ಕಪಕ್ಕದ ಜೋಡಿ ತೆಗೆದುಕೊಂಡರೂ ಸ-ಪ, ಅಂದರೆ ಒಂದು ತಂತಿ ಸ ಆದರೆ ಮುಂದಿನದು ಪ! ಮನೆಯಲ್ಲಿ ಅಜ್ಜಿಯ ಜೊತೆ ದೇವರನಾಮ ಹಾಡುವ ಮಕ್ಕಳು ಶ್ರುತಿ ಸ್ವಲ್ಪ ಜಾರಿದರೂ ತಟ್ಟನೆ ಹಿಡಿಯುತ್ತಾರೆ. ಗಿಟಾರಿನಲ್ಲಿರುವ ಹಾಗೆ ಬೆರಳಿಡುವ ಜಾಗ ತೋರಿಸುವ ಮೆಟ್ಟಿಲುಗಳು (ಫ್ರೆಟ್) ಇದರಲ್ಲಿಲ್ಲ, ಬೆರಳು ಸ್ವರವನ್ನು ತಾನೇ ಹುಡುಕಬೇಕು. ಅದಕ್ಕೇ ನಾನು ಮೊದಲು ಹಾಡಿಸುತ್ತೇನೆ, ಆಮೇಲೆ ನುಡಿಸುವುದು.

"ಗಣೇಶನ ಹಬ್ಬಕ್ಕೆ ಸ್ಟೇಜ್ ಮೇಲೆ ಒಂದು ಹಾಡು ನುಡಿಸ್ತಾನಾ?" ಅಂತ ಅಮ್ಮಂದಿರು ಕೇಳುತ್ತಾರೆ. ಅವರ ಆಸೆ ನನಗೆ ಅರ್ಥವಾಗುತ್ತದೆ. ಆದರೂ ಸದ್ಯಕ್ಕೆ ಬೇಡಮ್ಮ ಅಂತೀನಿ. ಕಮಾನು ಹಿಡಿಯುವ ಕೈ ಮೊದಲು ಸಡಿಲವಾಗಲಿ, ಹೆಬ್ಬೆರಳು ಬಾಗುವುದು ರೂಢಿಯಾಗಲಿ. ಅಲ್ಲಿವರೆಗೆ ಮನೆಯಲ್ಲೇ ಅಜ್ಜಿ ತಾತನಿಗೆ ದಿನಾ ಐದು ನಿಮಿಷ ನುಡಿಸಿ ತೋರಿಸಲಿ.