ಭಾನುವಾರದ ರೊಟ್ಟಿ ಸದ್ದು

ಕಳೆದ ತಿಂಗಳ ಒಂದು ಭಾನುವಾರ ಬೆಳಗ್ಗೆ ಲೈಪ್‌ಜಿಗ್‌ನ ನಮ್ಮ ಮನೆಯ ಕರೆಗಂಟೆ ಬಾರಿಸಿದಾಗ ನನ್ನ ಎರಡೂ ಕೈ ಜೋಳದ ಹಿಟ್ಟಿನಲ್ಲಿದ್ದವು. ಬಾಗಿಲು ತೆರೆದರೆ ಕೆಳಗಿನ ಮಹಡಿಯಲ್ಲಿ ಒಬ್ಬರೇ ವಾಸಿಸುವ, ಎಂಬತ್ತರ ಆಸುಪಾಸಿನ ಅಜ್ಜಿ ನಿಂತಿದ್ದರು. ಜರ್ಮನಿಯಲ್ಲಿ ಭಾನುವಾರವೆಂದರೆ ಮೌನದ ದಿನ. ಗೋಡೆಗೆ ಡ್ರಿಲ್ ಹಿಡಿಯುವಂತಿಲ್ಲ, ಹುಲ್ಲು ಕತ್ತರಿಸುವ ಯಂತ್ರ ಓಡಿಸುವಂತಿಲ್ಲ, ಖಾಲಿ ಬಾಟಲಿಗಳನ್ನು ಬೀದಿಯ ತೊಟ್ಟಿಗೆ ಹಾಕಲೂ ಸೋಮವಾರದವರೆಗೆ ಕಾಯಬೇಕು. ದೂರು ಬಂತೆಂದೇ ತಿಳಿದು ನಾನು ಮೊದಲೇ ಕ್ಷಮೆ ಕೇಳಿದೆ. ಅವರು ಬೇಡವೆಂಬಂತೆ ಕೈಯಾಡಿಸಿ, “ನೀವು ಪ್ರತಿ ಭಾನುವಾರ ಅಭ್ಯಾಸ ಮಾಡುವ ವಾದ್ಯ ಯಾವುದು? ತಬಲಾ ಅಲ್ಲವೆಂದು ಮಾತ್ರ ನನಗೆ ಗೊತ್ತು” ಎಂದರು.

ಅವರನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ರೊಟ್ಟಿ ಬಡಿದು ತೋರಿಸಿದೆ. ಊರಿನಲ್ಲಿ, ಸೇಡಂ ತಾಲ್ಲೂಕಿನ ನಮ್ಮ ಮನೆಯಲ್ಲಿ, ಅವ್ವ ರೊಟ್ಟಿ ಬಡಿಯುವುದು ನೆಲಕ್ಕೆ ಹಾಸಿದ ಶಹಾಬಾದಿನ ಫರಸಿಯ ಮೇಲೆ. ಆ ಕಲ್ಲು ಸದ್ದನ್ನು ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಇಲ್ಲಿಯ ಹಳೆಯ ಕಟ್ಟಡಗಳಲ್ಲಿ ಮಹಡಿಗಳು ನಿಂತಿರುವುದು ಮರದ ತೊಲೆಗಳ ಮೇಲೆ, ನಾನು ಬಡಿಯುವುದೂ ಮರದ ಹಲಗೆಯ ಮೇಲೆ. ಹೀಗಾಗಿ ಮೂರು ವರ್ಷಗಳಿಂದ ನನ್ನ ಭಾನುವಾರದ ಅಡುಗೆ ಅವರ ಕೋಣೆಯ ಮಾಳಿಗೆಯಲ್ಲಿ ಚರ್ಮವಾದ್ಯದಂತೆ ಕೇಳಿಸಿದೆ. ಅವರು ಅದರ ಲೆಕ್ಕವನ್ನೂ ಇಟ್ಟಿದ್ದರು: ಮೊದಲು ನಿಧಾನ, ಆಮೇಲೆ ಚುರುಕು, ಕೊನೆಗೆ ಸ್ವಲ್ಪ ಹೊತ್ತು ಸುಮ್ಮನೆ, ಮತ್ತೆ ಮೊದಲಿನಿಂದ. ಆ ಸುಮ್ಮನಿರುವ ಹೊತ್ತಿನಲ್ಲಿ ರೊಟ್ಟಿಯನ್ನು ಹೆಂಚಿಗೆ ಹಾಕಿ ನೀರು ಸವರುತ್ತೇನೆಂದು ತಿಳಿದಾಗ ಅವರ ಮುಖ ಅರಳಿತು.

ನಾನು ರೊಟ್ಟಿ ಕಲಿತದ್ದು ಇಲ್ಲಿಗೆ ಬಂದ ಮೇಲೆ. ಹೆಂಡತಿಗೆ ಭಾನುವಾರ ಆಸ್ಪತ್ರೆಯ ಪಾಳಿ ಇರುತ್ತದೆ. ತೊಗರಿಬೇಳೆಯ ಡಬ್ಬಿಗೆ ಫೋನು ಆನಿಸಿಟ್ಟು, ವಿಡಿಯೊದಲ್ಲಿ ಅವ್ವನನ್ನು ಕೂಡಿಸಿಕೊಂಡು ನಾನು ಹಿಟ್ಟು ನಾದುತ್ತಿದ್ದೆ. “ಎಸರು ಮಳ್ಳಲಿ ತಮ್ಮಾ, ಅವಸರ ಮಾಡಬ್ಯಾಡ. ನೀರು ಆರಿತಂದ್ರ ರೊಟ್ಟಿ ಹರೀತದ ನೋಡಪಾ” ಎನ್ನುತ್ತಿದ್ದಳು. ಗೋಧಿಯಲ್ಲಿರುವ ಗ್ಲುಟೆನ್ ಜೋಳದಲ್ಲಿ ಇಲ್ಲವೆಂದೂ, ಮಳ್ಳುವ ನೀರು ಹಿಟ್ಟಿನ ಪಿಷ್ಟವನ್ನು ಅರೆಬೇಯಿಸುವುದರಿಂದಲೇ ಅದಕ್ಕೆ ಜಿಗಿ ಬರುತ್ತದೆಂದೂ ನಾನು ಆಮೇಲೆ ಓದಿ ತಿಳಿದೆ. ಅವ್ವನ ಬೆರಳುಗಳಿಗೆ ಇದೆಲ್ಲ ಮೊದಲೇ ಗೊತ್ತಿತ್ತು. ಇಪ್ಪತ್ತೈದು ವರ್ಷ ಆ ಮನೆಯಲ್ಲಿ ಉಂಡ ನಾನು, ಅಕ್ಕ ಶಾಲೆಗೆ ಹೋಗುವ ಮುನ್ನ ಇಪ್ಪತ್ತು ರೊಟ್ಟಿ ಬಡಿದು ಹೋಗುವುದನ್ನು ದಿನವೂ ಕಂಡ ನಾನು, ಒಂದು ದಿನವೂ ಅವಳ ಪಕ್ಕದಲ್ಲಿ ಕೂತು ಕೈ ಜೋಡಿಸಲಿಲ್ಲ. ನಮ್ಮ ಕಡೆ ಗಂಡುಮಕ್ಕಳಿಗೆ ಅದನ್ನು ಯಾರೂ ಹೇಳುವುದಿಲ್ಲ. ಹೇಳಬೇಕಿತ್ತು.

ಅಜ್ಜಿ ಹೊರಡುವಾಗ ಕೇಳಿದ ಎರಡನೆಯ ಪ್ರಶ್ನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ. “ಕೈಗೆ ಇಷ್ಟು ಲಯವಿರುವಾಗ ನಿಮ್ಮ ಹೆಂಗಸರು ಹಾಡುತ್ತಿರಲಿಲ್ಲವೇ?” ಎಂದರು. ಹಾಡುತ್ತಿದ್ದರು, ಆದರೆ ರೊಟ್ಟಿಗಲ್ಲ, ಬೀಸುವ ಕಲ್ಲಿಗೆ ಎಂದೆ. ನಮ್ಮ ಅಜ್ಜಿ ಕೋಳಿ ಕೂಗುವ ಮುನ್ನ ಎದ್ದು ಬೀಸುತ್ತ ಹಾಡುತ್ತಿದ್ದುದನ್ನು, ಆ ಪದಗಳು ಮೂರು ಸಾಲಿನ ತ್ರಿಪದಿಗಳೆಂಬುದನ್ನು, ಎರಡನೆಯ ಸಾಲಿನ ತುಣುಕೊಂದನ್ನು ಮತ್ತೆ ಎತ್ತಿಕೊಳ್ಳುವಾಗ ಕಲ್ಲು ಒಂದು ಸುತ್ತು ಮುಗಿಸುತ್ತಿದ್ದುದನ್ನು ಹೇಳಿದೆ. ಅವರು ಸಹಜವಾಗಿ, “ಹಾಗಾದರೆ ಒಂದು ಕೇಳಿಸಿ” ಎಂದರು.

ಅವರ ಮಟ್ಟಿಗೆ ಅದು ದೊಡ್ಡ ಬೇಡಿಕೆಯಾಗಿರಲಿಲ್ಲ. ಅರ್ಧ ಶತಮಾನದಿಂದ ತಮ್ಮ ಬಡಾವಣೆಯ ಚರ್ಚಿನ ವೃಂದದಲ್ಲಿ ಹಾಡುವವರು ಅವರು. 1723ರಿಂದ 1750ರಲ್ಲಿ ತೀರಿಕೊಳ್ಳುವವರೆಗೆ ಜರ್ಮನ್ ಸಂಗೀತ ರಚನಕಾರ ಬಾಖ್ ಸಂಗೀತದ ಹೊಣೆ ಹೊತ್ತಿದ್ದ ಸೇಂಟ್ ಥಾಮಸ್ ಚರ್ಚು ಇದೇ ಊರಿನಲ್ಲಿದೆ, ಬಾಖ್ ಬರೆದ ಸ್ವರಗಳನ್ನು ಇಂದಿಗೂ ಹಾಳೆ ನೋಡಿ ಹಾಡುತ್ತಾರೆ. ಒಂದು ಹಾಡು ಇತ್ತು ಎಂದರೆ ಅದು ಎಲ್ಲಿಯೋ ಉಳಿದಿರುತ್ತದೆ ಎಂಬುದು ಇಲ್ಲಿಯವರಿಗೆ ಅನುಮಾನವೇ ಇಲ್ಲದ ಮಾತು. ನನ್ನ ಬಳಿ ಏನೂ ಇರಲಿಲ್ಲ. ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನನ್ನು ಕುರಿತು ಕೆತ್ತಿದ ತ್ರಿಪದಿ ಸುಮಾರು 1300 ವರ್ಷಗಳಿಂದ ಉಳಿದು ಬಂದಿದೆ; ಅದೇ ಛಂದಸ್ಸಿನಲ್ಲಿ ನಮ್ಮ ಮನೆಯ ಪಡಸಾಲೆಯಲ್ಲಿ ಹಾಡಿದ್ದು ನನ್ನ ತಲೆಮಾರಿಗೇ ಮುಗಿದುಹೋಗಿದೆ.

ಅಂದು ರಾತ್ರಿ ನಿದ್ದೆ ಬಾರದೆ, ತಮ್ಮ ಹೋದ ವರ್ಷ ಫೋನಿಗೆ ಕಳಿಸಿದ್ದ ಹಳೆಯ ಮದುವೆಯ ವಿಡಿಯೊ ತೆರೆದೆ. 1998ರಲ್ಲಿ ನಡೆದ ಅಕ್ಕನ ಮದುವೆ. ಕ್ಯಾಸೆಟ್ಟಿನಿಂದ ಇಳಿಸಿದ ಚಿತ್ರ ಅಲ್ಲಲ್ಲಿ ಕಂಪಿಸುತ್ತದೆ. ಬೀಸುಕಲ್ಲಿನ ಪೂಜೆಯಲ್ಲಿ ಐವರು ಮುತ್ತೈದೆಯರು ಅರಿಶಿನದ ಕೊಂಬು ಹಾಕಿ ಕಲ್ಲು ತಿರುಗಿಸುತ್ತಿದ್ದಾರೆ. ಅಜ್ಜ ತೀರಿಕೊಂಡಿದ್ದರಿಂದ ಅಜ್ಜಿ ಆ ಕಲ್ಲನ್ನು ಮುಟ್ಟುವಂತಿರಲಿಲ್ಲ. ಆದರೆ ಪದ ಪೂರ್ತಿ ಬರುತ್ತಿದ್ದುದು ಅವಳೊಬ್ಬಳಿಗೇ ಆದ್ದರಿಂದ ಅವಳನ್ನು ಬಾಗಿಲ ಪಕ್ಕದಲ್ಲಿ ದೂರ ಕೂಡಿಸಿ ಹಾಡಲು ಹೇಳಿದ್ದರು. ಕ್ಯಾಮೆರಾ ಒಮ್ಮೆ ಅವಳ ಕಡೆ ತಿರುಗುತ್ತದೆ. ತುಟಿಗಳು ಆಡುತ್ತಿವೆ, ತಲೆ ತೂಗುತ್ತಿದೆ, ಕೇಳಿಸುತ್ತಿರುವುದು ಮಾತ್ರ ಆ ಕಾಲದ ಒಂದು ಚಿತ್ರಗೀತೆ. ವಿಡಿಯೊದವರು ಇಡೀ ಕ್ಯಾಸೆಟ್ಟಿನ ಧ್ವನಿ ತೆಗೆದು ಹಾಡುಗಳನ್ನು ತುಂಬಿದ್ದರು, ಯಾವ ಹಾಡುಗಳು ಬೇಕೆಂದು ಪಟ್ಟಿ ಬರೆದುಕೊಟ್ಟವನು ನಾನು. ಆಗ ನನಗೆ ಹತ್ತೊಂಬತ್ತು ವರ್ಷ. ಅಜ್ಜಿಯ ದನಿ ನಮಗೆ ಬೇಕಾಗಬಹುದೆಂದು ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಇಂದು ಮನೆಗೆ ನಾಲ್ಕು ಫೋನುಗಳಿರುವಾಗಲೂ ನಮ್ಮ ಮದುವೆಗಳ ವಿಡಿಯೊ ಹೀಗೆಯೇ ತಯಾರಾಗುತ್ತದೆ ಎಂಬುದು ನನಗೆ ಹೆಚ್ಚು ನೋವಿನ ಸಂಗತಿ.

ಬೆಳಿಗ್ಗೆ ಅವ್ವನಿಗೆ ಫೋನು ಮಾಡಿ, ಅಜ್ಜಿಯ ಪದಗಳಲ್ಲಿ ಒಂದನ್ನಾದರೂ ಹೇಳು ಎಂದೆ. ಒಂದೂವರೆ ಸಾಲು ಹೇಳಿ ನಿಂತಳು. “ಗಿರಣಿ ಬಂದ ಮ್ಯಾಲ ಕಲ್ಲು ಬಿಟ್ವಿ, ಕಲ್ಲು ಬಿಟ್ಟ ಮ್ಯಾಲ ಪದ ಹ್ಯಾಂಗ ಉಳೀತಾವೋ? ಕೈ ತಿರುಗಿದ್ರ ಬಾಯಿಗಿ ಬರ್ತಾವ” ಎಂದಳು. ರೊಟ್ಟಿ ಬಡಿಯುತ್ತ ಪ್ರಯತ್ನಿಸು ಎಂದರೆ, ಬಡಿತದ ಲಯ ಗಿಡ್ಡ, ಪದ ಅದರ ಮೇಲೆ ಕೂಡುವುದಿಲ್ಲ ಎಂದಳು. ಎರಡು ದಿನ ಬಿಟ್ಟು ತಮ್ಮನೇ, ನಾನು ಹೇಳದಿದ್ದರೂ, ಹಿತ್ತಿಲಿನ ಬಚ್ಚಲ ಬಳಿ ಬಟ್ಟೆ ಒಗೆಯಲು ಹಾಕಿದ್ದ ಬೀಸುಕಲ್ಲನ್ನು ತಂದು ತೊಳೆದು, ಹೊಸ ಗೂಟ ಬಡಿದು ಕೂಡಿಸಿದ. ಆಳಂದದಿಂದ ಸೋದರತ್ತೆಯನ್ನು ಕರೆಸಿ ಇಬ್ಬರನ್ನೂ ಎದುರುಬದುರು ಕೂಡಿಸಿದ. ಹಿಡಿ ಹಿಡಿಯಾಗಿ ಜೋಳ ಹಾಕುತ್ತ ಹೋದಂತೆ ಹನ್ನೊಂದು ಪದಗಳು ಬಂದವು. ತಮ್ಮ ಅವನ್ನು ಫೋನಿನಲ್ಲಿ ಹಿಡಿದು ಕಳಿಸಿದ.

ಕೆಳಗಿನ ಮನೆಯ ಅಜ್ಜಿ ಅದನ್ನು ಕೇಳಲು ಒಂದು ಸಂಜೆ ಬಂದರು. ಒಂದು ಮಾತೂ ಅರ್ಥವಾಗದ ಆ ಹಾಡನ್ನು ಕಣ್ಣು ಮುಚ್ಚಿ ಕೊನೆಯವರೆಗೆ ಕೇಳಿ, ನಡುವೆ ಕಲ್ಲು ನಿಂತು ಅತ್ತೆ “ಕಾಳು ಹಾಕ ವೈನಿ” ಎನ್ನುವ ಜಾಗವನ್ನು ಇನ್ನೊಮ್ಮೆ ಹಾಕಿಸಿದರು.

ಮದುವೆಯ ವಿಡಿಯೊದಲ್ಲಿ ನಮ್ಮ ಅಜ್ಜಿ ಹಾಡಿದ ಪದ ಈ ಹನ್ನೊಂದರಲ್ಲಿ ಯಾವುದೆಂದು ಇನ್ನೂ ತಿಳಿದಿಲ್ಲ. ಎಳ್ಳ ಅಮಾವಾಸ್ಯೆಗೆ ಊರಿಗೆ ಹೋಗಲು ರಜೆ ಕೇಳಿದ್ದೇನೆ. ಅತ್ತೆ ಮತ್ತು ಅವ್ವ ಈಗ ಸಂಜೆಯ ಹೊತ್ತು ಆ ವಿಡಿಯೊದ ಧ್ವನಿಯನ್ನು ಪೂರ್ತಿ ಆರಿಸಿ, ಫೋನನ್ನು ಮುಖದ ಹತ್ತಿರ ಹಿಡಿದು, ಅಜ್ಜಿಯ ತುಟಿಗಳನ್ನು ನೋಡುತ್ತ ಕೂಡುತ್ತಾರೆ.